ಎಂಟು ಮೈಕ್ರಾನ್

ಫೆಬ್ರವರಿ 6

ಕಡ್ಡಿಗೆ,

ನಿನ್ನ ಕಾಗದ ಬಂತು. ಹದಿನೆಂಟು ವರ್ಷಕ್ಕೆ ಐದು ಸಾಲು. ಕೆಳಗೆ ಫೋನ್ ನಂಬರು ಬರೆದು, ಅದರ ಪಕ್ಕದಲ್ಲೇ ‘ಫೋನ್ ಮಾಡಬೇಡಿ, ಬೈದು ಇಟ್ಟುಬಿಡುತ್ತೀರಿ, ಬರೆಯಿರಿ’ ಎಂದೂ ಬರೆದಿದ್ದೀಯ. ಮತ್ತೆ ನಂಬರು ಯಾತಕ್ಕೆ ಹಾಕಿದೆ, ನೋಡಿ ಕಣ್ಣು ತುಂಬಿಸಿಕೊಳ್ಳಲಿಕ್ಕಾ? ಇರಲಿ. ನನಗೂ ಈಗ ಕಿವಿ ಅಷ್ಟಕ್ಕಷ್ಟೇ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದೆ ಎಂದು ಮೂಗು ಮುರಿಯದೆ ಓದು.

ನೀನು ಕೇಳಿದ್ದು ಒಂದೇ ಮಾತು. ನಿನಗೆ ಹೃದಯದ ಕಾಯಿಲೆ ಎಂದು ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದ್ದಾರೆ, ಅದರಲ್ಲಿ ತಂದೆ ಯಾವುದರಿಂದ ಸತ್ತರು ಎಂದು ಕೇಳಿದ್ದಾರೆ, ‘ಕುಡಿತ’ ಎಂದು ಬರೆದಿದ್ದೇನೆ, ಅಪ್ಪನನ್ನು ಪರೀಕ್ಷೆ ಮಾಡಿದ ಆಸ್ಪತ್ರೆಯ ಲ್ಯಾಬಿನಲ್ಲೇ ನೀವು ಇದ್ದವರು, ಸರಿ ತಾನೆ, ಎಂದು.

ಸರಿ. ಹಾಗೇ ಇರಲಿ. ಆಗ ನರದ ಡಾಕ್ಟರು ಬರೆದದ್ದೂ ಅದನ್ನೇ. ಕುಡಿತದಿಂದ ಕಾಲಿನ ನರ ಸತ್ತಿದೆ, ಹೃದಯ ಸೋತಿದೆ ಎಂದು. ಇದರಲ್ಲಿ ನಾನು ಹೊಸದಾಗಿ ಹೇಳುವುದು ಏನೂ ಇಲ್ಲ.

ನಿನಗೆ ಏನಾಗಿದೆ ಎಂದು ಸರಿಯಾಗಿ ಬರಿ. ‘ಹೃದಯದ ಕಾಯಿಲೆ’ ಎಂದರೆ ಯಾರಿಗೆ ಅರ್ಥವಾಗಬೇಕು? ಎಲ್ಲಿಂದ ತುಂಡು ತೆಗೆದರು? ಯಾವ ಬಣ್ಣ ಹಾಕಿ ನೋಡಿದರು? ಎಷ್ಟು ದಪ್ಪ ಕೊಯ್ದರು? ಕೇಳಿ ಬರಿ. ನಾಚಿಕೆ ಪಡಬೇಡ, ಡಾಕ್ಟರ ಮುಂದೆ ಬಾಯಿ ಹೊಲಿದುಕೊಂಡು ಕೂರುವುದು ನಮ್ಮ ವಂಶಕ್ಕೇ ಬಂದ ರೋಗ.

ನಾನು ಚೆನ್ನಾಗಿದ್ದೇನೆ. ಎಪ್ಪತ್ತೈದಾಯಿತು. ಮಂಡಿ ಒಂದು ಬಿಟ್ಟರೆ ಎಲ್ಲವೂ ಹೇಳಿದ ಮಾತು ಕೇಳುತ್ತವೆ.

ನಿನ್ನ ಸೋದರತ್ತೆ


ಫೆಬ್ರವರಿ 19

ಅತ್ತೆಗೆ,

ಕಾಗದ ತಲುಪಿತು. ನೀವು ಬದಲಾಗಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವರು ಎದ್ದು ಒಳಗೆ ಹೋದರು.

ಕೇಳಿದಿರಿ, ಬರೆಯುತ್ತೇನೆ. ಎರಡು ವರ್ಷದಿಂದ ಎರಡೂ ಕೈ ಜೋಮು ಹಿಡಿಯುತ್ತಿದ್ದವು. ನಾನು ಹಲ್ಲಿನ ಸೆಟ್ಟು ಮಾಡುವವಳು, ಮೇಣದ ಅಚ್ಚಿನಲ್ಲಿ ಕೂದಲೆಳೆ ವ್ಯತ್ಯಾಸವಾದರೂ ತೊಡುವವರ ಒಸಡು ಹುಣ್ಣಾಗುತ್ತದೆ. ಹಲ್ಲಿನ ಡಾಕ್ಟರು ಒಂದೇ ವಾರದಲ್ಲಿ ಮೂರು ಸೆಟ್ಟು ವಾಪಸು ಕಳಿಸಿದರು. ‘ಏನಮ್ಮಾ, ಇದನ್ನ ಕಣ್ಣು ಮುಚ್ಕೊಂಡು ಮಾಡಿದ್ಯಾ?’ ಎಂದರು. ಆಮೇಲೆ ಪಾದ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಗೋಡೆ ದಪ್ಪವಾಗಿದೆ ಎಂದು ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಚೂರು ಚಿವುಟಿ ತೆಗೆದರು. ಕೆಂಪು ಬಣ್ಣ ಹಾಕಿದರಂತೆ. ಅಮೈಲಾಯ್ಡ್ ಎಂದರು.

ನಿಮಗೆ ಇದು ಗೊತ್ತಿರುತ್ತದೆ. ನನಗೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಮೈಯಲ್ಲಿ ತಯಾರಾಗುವ ಯಾವುದೋ ಒಂದು ಪ್ರೋಟೀನು ಮಡಿಕೆ ತಪ್ಪಿ, ಕರಗದೆ, ಹೃದಯದಲ್ಲೋ ನರದಲ್ಲೋ ಪಾಚಿಯ ಹಾಗೆ ಕಟ್ಟಿಕೊಳ್ಳುವುದು. ಯಾವ ಪ್ರೋಟೀನು ಎನ್ನುವುದರ ಮೇಲೆ ಔಷಧ. ಒಂದು ಬಗೆಯದು ರೋಗನಿರೋಧಕ ಕಣಗಳಿಂದ ಬರುತ್ತದೆ. ಮೂಳೆಯ ಮಜ್ಜೆಯಲ್ಲಿ ಕೂತು ಸೋಂಕಿನ ವಿರುದ್ಧ ಆಯುಧ ಮಾಡುವ ಕಣಗಳಲ್ಲಿ ಒಂದಕ್ಕೆ ತಲೆಕೆಟ್ಟು, ತನ್ನದೇ ಸಂತಾನ ಬೆಳೆಸಿಕೊಂಡು, ಅರ್ಧ ಅರ್ಧ ಆಯುಧ ಮಾಡಿ ರಕ್ತಕ್ಕೆ ಸುರಿಯುತ್ತದೆ. ಇನ್ನೊಂದು ಬಗೆಯದು ಮನೆತನದಲ್ಲಿ ಬರುವುದು, ಲಿವರ್ ಮಾಡುವ ಪ್ರೋಟೀನೇ ಹುಟ್ಟಿನಿಂದ ದೋಷದ್ದು.

ನನ್ನ ರಕ್ತದಲ್ಲಿ ಆ ಅರ್ಧ ಆಯುಧ ಸ್ವಲ್ಪ ಸಿಕ್ಕಿದೆ. ‘ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ?’ ಎಂದು ಡಾಕ್ಟರು ಕೇಳಿದರು. ನಿಮ್ಮ ಕಾಗದವನ್ನೇ ತೋರಿಸಿದೆ. ಅವರು ಎರಡನೆಯ ಬಗೆಯ ಮೇಲೆ ಗೀಟು ಎಳೆದರು. ಬರುವ ಸೋಮವಾರದಿಂದ ವಾರಕ್ಕೊಂದು ಚುಚ್ಚುಮದ್ದು, ಜೊತೆಗೆ ಮಾತ್ರೆ. ಕ್ಯಾನ್ಸರಿಗೆ ಕೊಡುವಂಥದ್ದೇ. ತಲೆಕೆಟ್ಟ ಕಣಗಳ ಜೊತೆ ಒಳ್ಳೆಯ ಕಾವಲಿನವೂ ಸಾಯುತ್ತವೆ, ಜ್ವರಗಿರ ಬಾರದಂತೆ ಎಚ್ಚರ ಇರಬೇಕು ಎಂದಿದ್ದಾರೆ.

ಎಷ್ಟು ದಪ್ಪ ಕೊಯ್ದರು ಎಂದು ಕೇಳಿದಿರಲ್ಲ, ಅದು ನನಗೆ ಅರ್ಥವಾಗಲಿಲ್ಲ. ಡಾಕ್ಟರಿಗೂ ಆಗಲಿಲ್ಲ.

ಕಡ್ಡಿ


ಮಾರ್ಚ್ 4

ಕಡ್ಡಿಗೆ,

ನಿನ್ನ ಡಾಕ್ಟರಿಗೆ ಯಾಕಿಷ್ಟು ಅವಸರ? ಬಸ್ಸು ತಪ್ಪುತ್ತದಾ?

ರಕ್ತದಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಹೃದಯದಲ್ಲಿ ಕೂತಿರುವುದೂ ಅದೇ ಎಂದು ಯಾರು ಹೇಳಿದರು? ಬೀದಿಯಲ್ಲಿ ಒಬ್ಬ ಕಳ್ಳ ತಿರುಗುತ್ತಿದ್ದಾನೆ ಎಂದು ನಿಮ್ಮ ಮನೆಯ ಕಳವು ಅವನ ತಲೆಗೇ ಕಟ್ಟುವುದಾ? ಆ ಚೂರಿನ ಮೇಲೆ ಯಾವ ಪ್ರೋಟೀನು ಎಂದು ಗುರುತು ಹಿಡಿಯುವ ಇನ್ನೊಂದು ಬಣ್ಣ ಹಾಕಿರುತ್ತಾರೆ, ನಾನು ಬಲ್ಲೆ. ಸುಣ್ಣ ಬಳಿದ ಹಾಗೆ ಎಲ್ಲದಕ್ಕೂ ಹಿಡಿಯುತ್ತದೆ ಅದು. ಮೂವತ್ತೆಂಟು ವರ್ಷ ನೋಡಿದ್ದೇನೆ.

ಈಗ ತೂಕದ ಯಂತ್ರ ಬಂದಿದೆ ಎಂದು ಕೇಳಿದ್ದೇನೆ. ಕೆಂಪಾದ ಜಾಗವನ್ನು ಮಾತ್ರ ಬೆಳಕಿನ ಕತ್ತಿಯಿಂದ ಕೊರೆದು ತೆಗೆದು, ಪುಡಿ ಪುಡಿ ಮಾಡಿ, ಒಂದೊಂದು ಚೂರನ್ನೂ ತೂಗಿ, ಇದು ಇಂಥ ಪ್ರೋಟೀನೇ ಎಂದು ಹೇಳುತ್ತಾರಂತೆ. ಊಹೆ ಗೀಹೆ ಇಲ್ಲ. ಉಳಿದ ಚೂರನ್ನು ಅಲ್ಲಿಗೆ ಕಳಿಸಿ ಎಂದು ಹೇಳು. ಅದು ಬರುವ ತನಕ ಚುಚ್ಚುಮದ್ದು ಬೇಡ ಎನ್ನು.

ಯಾಕೆ ಎಂದು ನನ್ನನ್ನು ಕೇಳಬೇಡ. ಹಿರಿಯಳು ಹೇಳುತ್ತಿದ್ದೇನೆ, ಕೇಳು.

ಸೋದರತ್ತೆ


ಮಾರ್ಚ್ 21

ಅತ್ತೆಗೆ,

ನಾಲ್ಕು ಚುಚ್ಚುಮದ್ದು ಆಯಿತು. ಮುಖ ಊದಿ ಗಡಿಗೆಯ ಹಾಗಾಗಿದೆ. ನೀವು ನೋಡಿದರೆ ಕಡ್ಡಿ ಎನ್ನುವುದಿಲ್ಲ. ನಾಲಿಗೆಗೆ ರುಚಿ ಇಲ್ಲ, ಕನ್ನಡಿಯಲ್ಲಿ ಯಾರೋ ಇದ್ದಾರೆ.

ನಿಮ್ಮ ಮಾತು ಡಾಕ್ಟರಿಗೆ ಹೇಳಿದೆ. ನಕ್ಕರು. ‘ನಿಮ್ಮತ್ತೆ ಏನು, ಡಾಕ್ಟರಾ?’ ಎಂದರು. ಲ್ಯಾಬಿನಲ್ಲಿ ಕೊಯ್ಯುತ್ತಿದ್ದರು ಎಂದೆ. ಆ ಯಂತ್ರ ಬೇರೆ ಊರಿನಲ್ಲಿದೆ, ಕಳಿಸಿ ತರಿಸಲು ಐದಾರು ವಾರ ಬೇಕು, ನಿಮ್ಮ ಹೃದಯ ಅಷ್ಟು ದಿನ ಕಾಯುವುದಿಲ್ಲ ಎಂದರು. ಸಿಟ್ಟು ಮಾಡಲಿಲ್ಲ, ಒಳ್ಳೆಯವರೇ. ‘ಅನುಮಾನಕ್ಕೆ ಒಂದು ಕಾರಣ ಇದ್ರೆ ಹೇಳ್ಲಿ, ನಾನು ಇವತ್ತೇ ನಿಲ್ಲಿಸ್ತೀನಿ. ಸುಮ್ನೆ ಅನಿಸ್ತು ಅಂದ್ರೆ ನಾನೇನು ಮಾಡ್ಲಿ?’ ಎಂದರು.

ನನಗೂ ಅದೇ ಅನಿಸಿತು. ಕಾರಣ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಸುಮ್ಮನಿರಿ, ಅತ್ತೆ. ದಿನವೂ ಹೆದರುವುದಕ್ಕೆ ನನ್ನ ಹತ್ತಿರ ಸಾಕಷ್ಟಿದೆ.

ಇನ್ನೊಂದು ಮಾತು. ಮೊನ್ನೆ ಔಷಧದ ಅಂಗಡಿಯಲ್ಲಿ ಬೆಂಚಿನಿಂದ ಎದ್ದೆ, ಕಣ್ಣು ಕತ್ತಲೆ ಬಂತು, ಬಿದ್ದೆ. ಹಿಂದೆ ನಿಂತಿದ್ದ ಹೆಂಗಸು ಮಗುವನ್ನು ಹತ್ತಿರ ಎಳೆದುಕೊಂಡಳು. ‘ಈಗಿನ ಕಾಲದಲ್ಲಿ ಹೆಂಗಸರೂ ಶುರು ಹಚ್ಕೊಂಡಿದಾರೆ’ ಎಂದಳು. ನಾನು ಹುಟ್ಟಿದ ಮೇಲೆ ಒಂದು ತೊಟ್ಟು ಮುಟ್ಟಿದವಳಲ್ಲ. ಅಪ್ಪ ಬೀದಿಯಲ್ಲಿ ಬಿದ್ದಾಗ ನಾನೂ ಆ ಹೆಂಗಸಿನ ಹಾಗೇ ದೂರ ನಿಂತಿದ್ದೆ. ಗಾಜಿನ ಅಂಗಡಿಯ ಮಾಲೀಕರು ಅಪ್ಪನನ್ನು ಕೆಲಸದಿಂದ ತೆಗೆದ ದಿನ, ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಸಾಯುವ ತನಕ ಬಿಟ್ಟೇ ಇದ್ದೆ.

ಯಾಕೆ ಬರೆದೆನೋ ಗೊತ್ತಿಲ್ಲ.

ಕಡ್ಡಿ


ಮಾರ್ಚ್ 27

ಕಡ್ಡಿ,

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುತ್ತಿಲ್ಲ. ನಾನು ನಿನ್ನ ಜಾಗದಲ್ಲಿದ್ದರೂ ಎತ್ತುತ್ತಿರಲಿಲ್ಲ. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಇದರದೇ ಇನ್ನೊಂದು ಪ್ರತಿ ನಿನ್ನ ಡಾಕ್ಟರಿಗೆ. ಕಾರಣ ಕೇಳಿದ್ದಾನಲ್ಲ ಅವನು, ಇದೇ ಕಾರಣ. ನಿಂತುಕೊಂಡು ಓದಬೇಡ, ಕೂತು ಓದು.

ನಿನ್ನ ಅಪ್ಪ ಕುಡಿದು ಸಾಯಲಿಲ್ಲ.

ನನ್ನ ಕೆಲಸ ಏನು ಎಂದು ನೀನು ಸರಿಯಾಗಿ ತಿಳಿದುಕೊಂಡಿಲ್ಲ, ಅದಕ್ಕೆ ಮೊದಲಿಂದ ಹೇಳುತ್ತೇನೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ಬೆಂಕಿಪೊಟ್ಟಣದ ಅರ್ಧದಷ್ಟು ಮೇಣದ ಬಿಲ್ಲೆ. ಅದನ್ನು ಯಂತ್ರಕ್ಕೆ ಕಚ್ಚಿಸಿ, ಚಕ್ರ ತಿರುಗಿಸಿ, ಅಲಗಿನಿಂದ ಪದರ ಪದರ ಕೊಯ್ಯುವುದು ನನ್ನ ಕೆಲಸ. ಪದರ ಬೆಚ್ಚಗಿನ ನೀರಿನ ಮೇಲೆ ತೇಲುತ್ತದೆ, ಗಾಜಿನ ಪಟ್ಟಿಯಿಂದ ಎತ್ತಿಕೊಳ್ಳಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಎಲ್ಲರೂ ನಾಲ್ಕೈದಕ್ಕೆ ಕೊಯ್ಯುತ್ತಿದ್ದರು. ನಾನು ಮೂರಕ್ಕೆ. ಸುಕ್ಕಿಲ್ಲ, ಸೀಳಿಲ್ಲ, ಅಲಗಿನ ಗೀರಿಲ್ಲ. ಬೇರೆ ಆಸ್ಪತ್ರೆಯ ಡಾಕ್ಟರುಗಳೂ ‘ಇದನ್ನ ಬ್ಲೇಡಕ್ಕನ ಕೈಲೇ ಕೊಯ್ಸಿ’ ಎಂದು ಚೀಟಿ ಬರೆದು ಕಳಿಸುತ್ತಿದ್ದರು. ಆರನೇ ಕ್ಲಾಸು ಓದಿದವಳಿಗೆ ಅದು ಎಷ್ಟು ತಲೆಗೇರಬಹುದು, ನೀನೇ ಲೆಕ್ಕ ಹಾಕು.

ನಿನ್ನ ಅಪ್ಪ ಆಗ ಕೈಯಿಂದ ಗಾಜು ಜಾರಿಸುತ್ತಿದ್ದ, ಏಣಿಯ ಮೇಲೆ ಕಾಲು ತಪ್ಪುತ್ತಿದ್ದ. ಒಂದು ಬೆಳಿಗ್ಗೆ ನಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿದ್ದ. ನಾನು ಎಲ್ಲರ ಮುಂದೆ, ‘ಬೆಳಗಾಗ್ತಿದ್ದ ಹಾಗೇ ಹಾಕ್ಕೊಂಡು ಬಂದ್ಯಾ?’ ಎಂದೆ. ಅವನು ನಗುತ್ತಾ, ‘ಇಲ್ಲ ಕಣಕ್ಕಾ, ಕಾಲು ನಂದಲ್ಲ ಅನ್ಸುತ್ತೆ. ಯಾರದೋ ಹಾಕ್ಕೊಂಡು ಬಂದಿದೀನಿ’ ಎಂದ. ನನಗೆ ನಗು ಬರಲಿಲ್ಲ.

ನರದ ಡಾಕ್ಟರು ಅವನ ಹಿಮ್ಮಡಿಯ ಹಿಂದಿನ ನರದಿಂದ ಒಂದು ತುಂಡು ತೆಗೆದು ನಮ್ಮ ಲ್ಯಾಬಿಗೆ ಕಳಿಸಿದರು. ಚೀಟಿಯ ಮೇಲೆ ಹೆಸರಿತ್ತು. ಮನೆಯವರದ್ದು ಬಂದರೆ ಬೇರೆಯವರ ಕೈಗೆ ಕೊಡಬೇಕು ಎಂದು ಪದ್ಧತಿ. ನಾನು ಕೊಡಲಿಲ್ಲ. ನನ್ನ ತಮ್ಮನದ್ದನ್ನು ಇನ್ಯಾರೋ ಅಡ್ಡಾದಿಡ್ಡಿ ಕೊಯ್ಯುವುದಾ? ಚೀಟಿಯ ಕೆಳಗೆ ‘ಅಮೈಲಾಯ್ಡಿಗೆ, ಎಂಟು ಮೈಕ್ರಾನ್’ ಎಂದು ಬರೆದಿತ್ತು. ಎಂಟು ನೋಡಿ ನನಗೆ ಮೈಯೆಲ್ಲಾ ಉರಿಯಿತು. ಎಂಟೆಂದರೆ ಕಟುಕರ ಅಳತೆ. ಬರೆದವನು ಹೊಸ ಡಾಕ್ಟರು, ಮೀಸೆ ಸರಿಯಾಗಿ ಬಂದಿರಲಿಲ್ಲ. ಇವನೇನು ನನಗೆ ಹೇಳಿಕೊಡುವುದು ಎಂದುಕೊಂಡೆ. ಬಿಲ್ಲೆಯನ್ನು ಮಂಜುಗಡ್ಡೆಯ ಮೇಲಿಟ್ಟು, ಹೊಸ ಅಲಗು ಹಾಕಿ, ಉಸಿರು ಬಿಗಿಹಿಡಿದು ಮೂರಕ್ಕೆ ಕೊಯ್ದೆ. ಜನ್ಮದಲ್ಲಿ ಅಂಥ ಪದರ ಕೊಯ್ದಿಲ್ಲ ನಾನು. ನೀರಿನ ಮೇಲೆ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಬೇರೇನೂ ಅವನಿಗೆ ಮಾಡಲಾಗಲಿಲ್ಲ, ಇದನ್ನಾದರೂ ಚೆಂದ ಮಾಡಿ ಕೊಟ್ಟೆ ಎಂದು ಸಮಾಧಾನಪಟ್ಟೆ. ದಪ್ಪ ಬರೆಯುವ ಪುಸ್ತಕದಲ್ಲಿ, ಚೀಟಿಯಲ್ಲಿ ಇದ್ದ ಹಾಗೆ, ಎಂಟು ಎಂದು ಬರೆದು ಸಹಿ ಹಾಕಿದೆ.

ಕೆಂಪು ಬಣ್ಣದಲ್ಲಿ ಏನೂ ಕಾಣಲಿಲ್ಲ. ‘ಅಮೈಲಾಯ್ಡ್ ಇಲ್ಲ’ ಎಂದು ವರದಿ ಹೋಯಿತು. ನರ ಸತ್ತಿದೆ, ಹೃದಯ ಸೋತಿದೆ, ಅಮೈಲಾಯ್ಡ್ ಇಲ್ಲ ಎಂದ ಮೇಲೆ ಉಳಿದದ್ದು ಕುಡಿತ. ‘ನಾನು ಮುಟ್ಟೋದೇ ಇಲ್ಲ’ ಎಂದು ಅವನು ಹೇಳುತ್ತಲೇ ಇದ್ದ. ಕುಡುಕರೆಲ್ಲ ಹೇಳುವುದೂ ಅದನ್ನೇ ಎಂದು ಡಾಕ್ಟರೂ ನಂಬಲಿಲ್ಲ, ನಾನೂ ನಂಬಲಿಲ್ಲ. ಅವನು ಸತ್ತ ದಿನ ಹೆಣದ ಮುಂದೆ ನಿಂತು ‘ಕುಡಿದು ಕುಡಿದು ಸತ್ತ’ ಎಂದು ಕೂಗಿದವಳು ನಾನು. ನಿನಗೆ ನೆನಪಿರುತ್ತದೆ. ನಿಮ್ಮಮ್ಮ ನನ್ನನ್ನು ಬಾಗಿಲು ತೋರಿಸಿ ಕಳಿಸಿದ್ದೂ ನೆನಪಿರುತ್ತದೆ.

ಆರು ತಿಂಗಳಾದ ಮೇಲೆ ಅದೇ ಮೀಸೆ ಬಾರದ ಡಾಕ್ಟರು ಎಲ್ಲರನ್ನೂ ಕರೆದು ಎರಡು ಗಾಜಿನ ಪಟ್ಟಿ ತೋರಿಸಿದ. ಒಂದೇ ಬಿಲ್ಲೆಯದು. ಒಂದು ತೆಳ್ಳಗೆ ಕೊಯ್ದದ್ದು, ಇನ್ನೊಂದು ದಪ್ಪ. ದಪ್ಪದ್ದರಲ್ಲಿ ಇಟ್ಟಿಗೆಯಷ್ಟು ಕೆಂಪು. ತೆಳ್ಳಗಿನದರಲ್ಲಿ ಏನೂ ಇಲ್ಲ. ‘ನೋಡಿ, ತೀರಾ ತೆಳ್ಳಗೆ ಕೊಯ್ದ್ರೆ ಇರೋ ರೋಗಾನೂ ಕಾಣಲ್ಲ. ಅದಕ್ಕೇ ಎಂಟು ಅಂತ ಬರೆಯೋದು’ ಎಂದ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಕೆಳಗಿನ ಕೋಣೆಗೆ ಹೋಗಿ ನಿನ್ನ ಅಪ್ಪನ ಬಿಲ್ಲೆ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಇನ್ನೊಂದು ಸಲ ಕೊಯ್ದರೆ ಐದು ನಿಮಿಷದ ಕೆಲಸ. ಕೊಯ್ಯಲಿಲ್ಲ. ಸತ್ತವನು ಎದ್ದು ಬರುತ್ತಾನಾ ಎಂದುಕೊಂಡೆ. ಎಂಟು ಎಂದು ಬರೆದದ್ದು ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ ಎಂದೂ ಅಂದುಕೊಂಡೆ. ಎರಡನೆಯದೇ ನಿಜವಾದದ್ದು. ಬಿಲ್ಲೆಯನ್ನು ಇದ್ದಲ್ಲೇ ಇಟ್ಟೆ. ಈ ಕಾಯಿಲೆ ಮಕ್ಕಳಿಗೂ ಇಳಿದು ಬರಬಹುದು ಎಂದು ನನಗೆ ತಿಳಿದದ್ದು ನಿನ್ನ ಫೆಬ್ರವರಿಯ ಕಾಗದದಿಂದ. ಆದರೂ ಇಷ್ಟು ದಿನ ಬಾಯಿ ಬಿಡಲಿಲ್ಲ. ಅದಕ್ಕೆ ನನ್ನ ಹತ್ತಿರ ಕಾರಣ ಇಲ್ಲ.

ಚುಚ್ಚುಮದ್ದು ನಿಲ್ಲಿಸು. ನಾನು ಲ್ಯಾಬಿಗೆ ಹೋಗುತ್ತೇನೆ.

ಸೋದರತ್ತೆ


ಏಪ್ರಿಲ್ 16

ಕಡ್ಡಿಗೆ,

ನೀನು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ನಿನ್ನ ಡಾಕ್ಟರು ನಮ್ಮ ಹಳೆಯ ಲ್ಯಾಬಿಗೆ ಬರೆದು ಬಿಲ್ಲೆ ಕೇಳಿದ್ದಾನೆ, ಅಷ್ಟರಿಂದ ನೀನು ಓದಿದ್ದೀಯ ಎಂದು ತಿಳಿಯಿತು. ಇಲ್ಲಿ ನಡೆದದ್ದನ್ನು ತಿಳಿಸುವುದು ನನ್ನ ಕೆಲಸ, ತಿಳಿಸುತ್ತೇನೆ.

ಈ ತಿಂಗಳ ಮೊದಲ ವಾರ, ಹದಿನೈದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದೆ. ನನ್ನ ಯಂತ್ರ ಇಲ್ಲ. ಗುಂಡಿ ಒತ್ತಿದರೆ ತಾನೇ ತಿರುಗುವಂಥದ್ದು ಬಂದಿದೆ. ಅದರ ಮುಂದೆ ಒಬ್ಬಳು ಹುಡುಗಿ, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು. ಲ್ಯಾಬಿನ ಮುಖ್ಯಸ್ಥನ ಮುಂದೆ ಹೋಗಿ ನಿನಗೆ ಬರೆದದ್ದನ್ನೇ ಹೇಳಿದೆ. ಅವನು, ‘ನಿಮ್ಮ ಹೆಸರು ಹೇಳಿ ನಾವು ಹುಡುಗ್ರಿಗೆ ಬೈತೀವಿ ಬ್ಲೇಡಕ್ಕ, ಅವರ ಥರ ಕೊಯ್ಯೋದು ಕಲೀರಿ ಅಂತ’ ಎಂದ. ‘ನಾಳೆಯಿಂದ ಬೇರೆ ಹೆಸರು ಹುಡುಕ್ಕೊ’ ಎಂದೆ.

ಪುಸ್ತಕ ತೆಗೆಸಿದೆ. ನನ್ನ ಎಂಟು ಹಾಗೇ ಇತ್ತು, ದುಂಡಗೆ, ಎರಡು ಸೊನ್ನೆ ಒಂದರ ಮೇಲೊಂದು. ಅದರ ಮೇಲೆ ಗೀಟು ಹಾಕಿ ಮೂರು ಎಂದು ಬರೆದೆ, ತಿದ್ದಿದ ದಿನದ ತಾರೀಖು ಹಾಕಿದೆ, ಸಹಿ ಮಾಡಿದೆ. ಮುಖ್ಯಸ್ಥ ಪಕ್ಕದಲ್ಲಿ ಸಾಕ್ಷಿ ಹಾಕಿದ.

ಬಿಲ್ಲೆ ಸಿಕ್ಕಿತು. ಮೂಲೆ ಸ್ವಲ್ಪ ಒಡೆದಿದೆ, ನರದ ತುಂಡು ಹಾಗೇ ಇದೆ. ನಾನೇ ಕೊಯ್ಯುತ್ತೇನೆ ಎಂದು ಕೂತೆ. ಆ ಗುಂಡಿಗಳಲ್ಲಿ ಯಾವುದು ಯಾವುದಕ್ಕೆ ಎಂದು ತಿಳಿಯಲಿಲ್ಲ. ಹುಡುಗಿ ಕಿವಿಯ ಹಾಡು ತೆಗೆದಿಟ್ಟು, ‘ಸರೀರಿ ಅಜ್ಜಿ’ ಎಂದಳು. ‘ಅಜ್ಜಿ ಅಂದ್ರೆ ಕೈ ಮುರೀತೀನಿ’ ಎಂದೆ. ‘ಆಯ್ತು. ಎಷ್ಟಕ್ಕೆ ಇಡ್ಲಿ ಮೇಡಂ?’ ಎಂದಳು. ಎಂಟು ಎಂದೆ. ಕೇಳಿಸಲಿಲ್ಲವೋ ಏನೋ, ‘ಎಷ್ಟು?’ ಎಂದಳು. ಇನ್ನೊಂದು ಸಲ ಹೇಳಿದೆ. ಐದು ನಿಮಿಷ ಕೂಡ ಹಿಡಿಯಲಿಲ್ಲ.

ಬಣ್ಣ ಹಾಕಿ ಒಣಗಿದ ಮೇಲೆ ಮುಖ್ಯಸ್ಥ ಮೈಕ್ರೋಸ್ಕೋಪಿಗೆ ನನ್ನ ಕಣ್ಣನ್ನೇ ಮೊದಲು ಇಡಿಸಿದ. ನರದ ಎಳೆಗಳ ನಡುವೆ, ರಕ್ತನಾಳದ ಸುತ್ತ, ಎಲ್ಲಾ ಕಡೆ ಕೆಂಪು. ಅವನು ಬೆಳಕಿನ ಜರಡಿ ತಿರುಗಿಸಿದ, ಕೆಂಪೆಲ್ಲ ಹಸಿರಾಗಿ ಹೊಳೆಯಿತು. ಎಳೆ ಸೇಬಿನ ಹಸಿರು. ಅಮೈಲಾಯ್ಡೇ, ಅನುಮಾನವೇ ಇಲ್ಲ. ನನ್ನ ತಮ್ಮನ ಕಾಲು ಅವನದಾಗಿರಲಿಲ್ಲ, ಅವನು ಹೇಳಿದ್ದು ಸರಿಯಾಗಿತ್ತು.

ಮರುದಿನವೇ ಬಿಲ್ಲೆಯನ್ನು ನಿನ್ನ ಚೂರಿನ ಜೊತೆ ತೂಕದ ಯಂತ್ರಕ್ಕೆ ಕಳಿಸಿದ್ದಾರೆ.

ಸೋದರತ್ತೆ


ಮೇ 9

ಅತ್ತೆಗೆ,

ಬರೆಯದಿದ್ದುದಕ್ಕೆ ಕಾರಣ ಸಿಟ್ಟು ಮಾತ್ರ ಅಲ್ಲ. ನಿಮ್ಮ ಕಾಗದ ಬಂದಾಗ ಆರನೆಯ ಚುಚ್ಚುಮದ್ದಿಗೆ ಎರಡು ದಿನ ಇತ್ತು. ಡಾಕ್ಟರು ಓದಿದರು, ಫೋನ್ ಎತ್ತಿ ನಿಲ್ಲಿಸಿ ಎಂದರು. ಆದರೆ ಅಷ್ಟರಲ್ಲಿ ಕಾವಲಿನ ಕಣಗಳು ಸತ್ತಿದ್ದವು. ಒಂದು ನೆಗಡಿ ಬಂದು ಎದೆಗಿಳಿಯಿತು. ಏಪ್ರಿಲ್ ತಿಂಗಳಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ, ನಾಲ್ಕು ದಿನ ಮೂಗಿಗೆ ನಳಿಕೆ. ಹೃದಯ ಇನ್ನಷ್ಟು ಸೋತಿದೆ. ಮೊದಲು ಎರಡು ಮಹಡಿ ಹತ್ತುತ್ತಿದ್ದೆ. ಈಗ ಒಂದು.

ತೂಕದ ವರದಿ ಬಂದಿದೆ. ನನ್ನ ಹೃದಯದಲ್ಲಿ ಕೂತಿರುವುದು ಲಿವರ್ ಮಾಡುವ ಪ್ರೋಟೀನು. ಅಪ್ಪನ ನರದಲ್ಲಿದ್ದುದೂ ಅದೇ. ಎರಡರಲ್ಲೂ ಆ ಪ್ರೋಟೀನಿನ ಸರದ ಒಂದೇ ಜಾಗದಲ್ಲಿ ಒಂದೇ ಮಣಿ ಬದಲಾಗಿದೆ, ಅಷ್ಟನ್ನೂ ತೂಗಿ ಹೇಳಿದ್ದಾರೆ. ನನ್ನ ರಕ್ತದಲ್ಲಿ ಸಿಕ್ಕ ಆ ಅರ್ಧ ಆಯುಧಕ್ಕೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಅದು ಸುಮ್ಮನೆ ಇತ್ತು. ನೀವು ಹೇಳಿದ ಬೀದಿಯ ಕಳ್ಳ.

ಲಿವರ್ ಆ ಪ್ರೋಟೀನನ್ನೇ ಮಾಡದಂತೆ ತಡೆಯುವ ಚುಚ್ಚುಮದ್ದು ಇದೆ. ಮೂರು ತಿಂಗಳಿಗೊಂದು. ಕಟ್ಟಿಕೊಂಡದ್ದು ಕರಗುವುದಿಲ್ಲ, ಮುಂದಿನದು ನಿಲ್ಲಬಹುದು. ಮೊನ್ನೆ ಡಾಕ್ಟರು ನನ್ನ ಫೈಲಿನಲ್ಲಿ, ಅಪ್ಪನ ಕಾಯಿಲೆ ಎಂಬಲ್ಲಿ ‘ಕುಡಿತ’ ಹೊಡೆದು ಹಾಕಿ, ನನ್ನ ಕಾಯಿಲೆಯ ಹೆಸರನ್ನೇ ಬರೆದರು.

ಐದು ಚುಚ್ಚುಮದ್ದು ನಿಮ್ಮ ಮೌನದ್ದು, ಅತ್ತೆ. ಅದನ್ನು ನಾನು ಮರೆಯುವುದಿಲ್ಲ. ನೀವು ಬಾಯಿ ಬಿಡದಿದ್ದರೆ ಐವತ್ತಾಗುತ್ತಿತ್ತು ಎನ್ನುವುದನ್ನೂ ಮರೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ. ಅಪ್ಪನ ಜೊತೆ ಮಾತು ಬಿಟ್ಟದ್ದು ನಾನೇ, ಅದನ್ನು ನಿಮ್ಮ ತಲೆಗೆ ಹಾಕಿ ಕೈ ತೊಳೆದುಕೊಳ್ಳಲೂ ಆಗುತ್ತಿಲ್ಲ.

ಎರಡು ಕೆಲಸ. ಒಂದು, ನೀವೂ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ, ಇದು ನಿಮಗೂ ಇರಬಹುದು. ಎರಡು, ಅಮ್ಮನಿಗೆ ನಾನು ಏನೂ ಹೇಳಿಲ್ಲ. ಔಷಧ ಬದಲಾಯಿತು ಎಂದಷ್ಟೇ ಹೇಳಿದ್ದೇನೆ. ಹದಿನೆಂಟು ವರ್ಷದಿಂದ ಅವರು ಈ ಮನೆಯಲ್ಲಿ ಅಪ್ಪನ ಒಂದು ಫೋಟೋ ಹಾಕಿಲ್ಲ. ನಡೆದದ್ದನ್ನು ಅವರಿಗೆ ನೀವೇ ಹೇಳಬೇಕು. ನನ್ನ ಮೂಲಕ ಅಲ್ಲ.

ಕಡ್ಡಿ


ಮೇ 24

ತಮ್ಮನ ಮನೆಯವಳಿಗೆ,

ನನ್ನ ಅಕ್ಷರ ನೋಡಿ ಹರಿದು ಹಾಕಬೇಡ. ಓದಿದ ಮೇಲೆ ಬೇಕಾದರೆ ಹರಿ.

ನಿನ್ನ ಗಂಡ ಕುಡಿಯುತ್ತಿರಲಿಲ್ಲ. ಅವನಿಗಿದ್ದದ್ದು ನಿನ್ನ ಮಗಳಿಗೆ ಈಗ ಇರುವ ಕಾಯಿಲೆಯೇ. ಅವನು ತೂರಾಡಿದ್ದು, ಬಿದ್ದದ್ದು, ಗಾಜು ಜಾರಿಸಿದ್ದು, ಎಲ್ಲವೂ ಅದರಿಂದ. ಆಗಲೇ ಗೊತ್ತಾಗಬಹುದಿತ್ತು. ಅವನ ನರದ ತುಂಡನ್ನು ಕೊಯ್ದವಳು ನಾನು. ಎಂಟರಷ್ಟು ದಪ್ಪ ಕೊಯ್ಯಿರಿ ಎಂದು ಬರೆದಿದ್ದರು, ನಾನು ಜಂಭದಿಂದ ಮೂರಕ್ಕೆ ಕೊಯ್ದು, ಎಂಟು ಎಂದು ಸುಳ್ಳು ಬರೆದೆ. ರೋಗ ಕಾಣಲಿಲ್ಲ. ಅವನು ಸತ್ತ ಆರು ತಿಂಗಳಿಗೆ ನನ್ನ ತಪ್ಪು ನನಗೆ ಗೊತ್ತಾಯಿತು. ಮುಚ್ಚಿಟ್ಟೆ. ಫೆಬ್ರವರಿಯಲ್ಲಿ ಕಡ್ಡಿ ಕೇಳಿದಾಗಲೂ ಕುಡಿತ ಎಂದೇ ಬರೆದೆ. ಅದರಿಂದ ಅವಳಿಗೆ ಬೇಡದ ವಿಷ ಐದು ಸಲ ಹೋಯಿತು, ಸಾಯುವ ಹಾಗಾಯಿತು. ಅವಳು ನಿನಗೆ ಹೇಳಿಲ್ಲ, ನನ್ನ ಬಾಯಿಂದಲೇ ಬರಲಿ ಎಂದಳು. ಸರಿಯಾಗಿಯೇ ಹೇಳಿದಳು.

ಆಗ ಈ ಕಾಯಿಲೆಗೆ ಔಷಧ ಇರಲಿಲ್ಲ. ತಿಳಿದಿದ್ದರೂ ಅವನು ಉಳಿಯುತ್ತಿದ್ದನೋ ಇಲ್ಲವೋ. ಆದರೆ ಕುಡುಕ ಎನಿಸಿಕೊಂಡು ಸಾಯಬೇಕಾಗಿರಲಿಲ್ಲ. ಹೆಣದ ಮುಂದೆ ನಾನು ಆಡಿದ ಮಾತು ನಿನ್ನ ಕಿವಿಯಲ್ಲಿ ಇನ್ನೂ ಇರುತ್ತದೆ. ನನ್ನ ಕಿವಿಯಲ್ಲೂ ಇದೆ.

ನಾನೂ ರಕ್ತ ಕೊಟ್ಟೆ. ನನಗೆ ಇಲ್ಲವಂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವನಿಗೆ ಬಂತು, ನನಗೆ ಬರಲಿಲ್ಲ. ಕೇಳಿದಾಗ ಸಂತೋಷ ಪಡಲಿಕ್ಕೂ ಮುಖ ಇರಲಿಲ್ಲ.

ಕ್ಷಮಿಸು ಎಂದು ಕೇಳಲು ಬರೆದದ್ದಲ್ಲ ಇದು. ನಿನಗೆ ಗೊತ್ತಿರಬೇಕಾದದ್ದು, ಅದಕ್ಕೆ ಬರೆದೆ.

ನಿನ್ನ ಗಂಡನ ಅಕ್ಕ


ಜೂನ್ 11

ಅತ್ತಿಗೆಗೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ನಾನೇ ಓದಿದೆ, ಮಗಳ ಕೈಯಲ್ಲಿ ಓದಿಸಲಿಲ್ಲ.

ಅವರು ಕುಡಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಮಲಗುವವಳಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನವೂ ಅವರ ಬಾಯಲ್ಲಿ ವಾಸನೆ ಇರಲಿಲ್ಲ. ಬಟ್ಟೆಯಲ್ಲಿ ಇರಲಿಲ್ಲ. ಆದರೆ ವರದಿ ಬಂತು, ಡಾಕ್ಟರು ಹೇಳಿದರು, ನೀವು ಹೇಳಿದಿರಿ. ನೀವು ಆ ಯಂತ್ರಗಳ ನಡುವೆ ಇದ್ದವರು, ಅವರ ಒಡಹುಟ್ಟಿದವರು ಬೇರೆ. ನಿಮಗಿಂತ ನನಗೆ ಹೆಚ್ಚು ಗೊತ್ತೇ ಎಂದುಕೊಂಡೆ. ವಾಸನೆ ಬಾರದಂಥದ್ದು ಏನೋ ಕುಡಿಯುತ್ತಿರಬೇಕು ಎಂದು ನಂಬಿಕೊಂಡೆ. ಅಂಥದ್ದೂ ಇದೆ ಎಂದು ಯಾರೋ ಹೇಳಿದರು.

ಕೊನೆಯ ದಿನ ಮಧ್ಯಾಹ್ನ ನೀರು ಬೇಕು ಎಂದರು. ಮಂಚದ ಹತ್ತಿರ ಲೋಟ ತುಂಬಿ ಇಟ್ಟಿತ್ತು, ಯಾರು ಇಟ್ಟಿದ್ದರೋ. ಕೊಡುವ ಮೊದಲು ನಾನು ಅದನ್ನು ಮೂಸಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬರೀ ನೀರು. ಲೋಟ ಬಾಯಿಗೆ ಹಿಡಿದೆ. ಬೇಡ ಎಂದು ಮುಖ ಆ ಕಡೆ ತಿರುಗಿಸಿದರು.

ಇದನ್ನು ಯಾರಿಗೂ ಹೇಳಿಲ್ಲ. ಫೋಟೋ ಹಾಕದಿದ್ದದ್ದು ಅದಕ್ಕೆ. ಅವರು ಕುಡುಕರು ಎಂದಲ್ಲ.

ನಿಮ್ಮನ್ನು ಬೈಯಬೇಕು ಎಂದು ಮೂರು ಸಲ ಕಾಗದ ಹಿಡಿದು ಕೂತೆ. ಆಗಲಿಲ್ಲ. ಕ್ಷಮೆಯೂ ಇಲ್ಲ, ನೀವು ಕೇಳಿಯೂ ಇಲ್ಲ.

ಬರುವ ಗುರುವಾರ ಹತ್ತು ಗಂಟೆಗೆ ಕಡ್ಡಿಗೆ ಮೊದಲ ಹೊಸ ಚುಚ್ಚುಮದ್ದು. ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕಾಯಬೇಕಂತೆ. ಬನ್ನಿ. ಬರುವಾಗ ಅವರ ಹೊಸ ವರದಿಯ ಪ್ರತಿ ತನ್ನಿ. ನೀವು ಓದಿ ಹೇಳುವುದು ಬೇಡ. ನಾನೇ ಓದಿಕೊಳ್ಳುತ್ತೇನೆ.

ಅವರ ಹೆಂಡತಿ